ಸೇನಾಬಲದ ಬಳಕೆ ಮತ್ತು ಜರ್ಮನ್ ರಾಜಕೀಯ ಮನೋಧರ್ಮ

ಸೇನೆಯನ್ನು ಯಾವಾಗ, ಎಲ್ಲಿ, ಯಾತಕ್ಕಾಗಿ ಬಳಸಬಹುದು ಎಂಬ ವಿಷಯದಲ್ಲಿ ಎರಡನೆಯ ಮಹಾಯುದ್ಧದ ನಂತರದ ಜರ್ಮನಿ ಯುರೋಪಿನ ಉಳಿದ ದೊಡ್ಡ ದೇಶಗಳಿಗಿಂತ ಬೇರೆಯದೇ ದಾರಿ ಹಿಡಿಯಿತು. ಬ್ರಿಟನ್ ಮತ್ತು ಫ್ರಾನ್ಸ್‌ಗಳಲ್ಲಿ ಪಡೆಗಳನ್ನು ಹೊರದೇಶಕ್ಕೆ ಕಳುಹಿಸುವುದು ಬಹುಮಟ್ಟಿಗೆ ಸರ್ಕಾರದ ಕೈಯಲ್ಲಿರುವ ಅಧಿಕಾರ. ಜರ್ಮನಿಯಲ್ಲಿ ಅದು ಪ್ರತಿ ಸಲವೂ ಸಂವಿಧಾನದ, ಸಂಸತ್ತಿನ, ಕಡೆಗೆ ಆತ್ಮಸಾಕ್ಷಿಯ ಪ್ರಶ್ನೆಯಾಗಿ ಏಳುತ್ತದೆ. ಹೊರಗಿನವರು ಇದನ್ನು ಶಾಂತಿವಾದ ಎಂದು ಕರೆದುಬಿಡುವುದುಂಟು. ಅದು ಅರ್ಧ ಸತ್ಯ. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿ ಐದು ಲಕ್ಷದಷ್ಟು ಸೈನಿಕರ ಪಡೆಯನ್ನು ಸಾಕಿತ್ತು. ಶಸ್ತ್ರಾಸ್ತ್ರ ರಫ್ತಿನಲ್ಲಿ ಆ ದೇಶ ದಶಕಗಳಿಂದ ಜಗತ್ತಿನ ಮುಂಚೂಣಿಯಲ್ಲಿದೆ. ಭಾರತದ ನೌಕಾಪಡೆಯ ಶಿಶುಮಾರ್ ವರ್ಗದ ನಾಲ್ಕು ಜಲಾಂತರ್ಗಾಮಿಗಳಲ್ಲಿ ಮೊದಲ ಎರಡು ಕೀಲ್ ಬಂದರಿನಲ್ಲೇ ಕಟ್ಟಲ್ಪಟ್ಟವು.

ಜರ್ಮನ್ ರಾಜಕಾರಣ ತನ್ನ ಚರಿತ್ರೆಯಿಂದ ಮೂರು ಪಾಠ ಕಲಿತಿದೆ: ಯುದ್ಧ ಮತ್ತೆ ಬೇಡ, ಔಷ್‌ವಿಟ್ಜ್ (ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರ) ಮತ್ತೆ ಬೇಡ, ಮಿತ್ರರನ್ನು ಬಿಟ್ಟು ಒಂಟಿಯಾಗಿ ನಡೆಯುವುದು ಮತ್ತೆ ಬೇಡ. ಶಾಂತಿಯ ದಿನಗಳಲ್ಲಿ ಮೂರೂ ಒಂದೇ ಮಾತಿನಂತೆ ಕೇಳುತ್ತವೆ. ಬೋಸ್ನಿಯಾ, ಕೊಸೊವೊ, ಅಫ್ಘಾನಿಸ್ತಾನ, ಉಕ್ರೇನ್‌ಗಳಂಥ ಸಂದರ್ಭ ಬಂದಾಗ ಒಂದನ್ನು ಪಾಲಿಸಲು ಇನ್ನೊಂದನ್ನು ಮುರಿಯಬೇಕಾಗುತ್ತದೆ. ಎಂಟು ದಶಕಗಳ ಜರ್ಮನ್ ಚರ್ಚೆಯ ಒಡಲಲ್ಲಿರುವ ಸಂಕಟ ಇದು.

ಸೋಲು ಮತ್ತು ಮರುಶಸ್ತ್ರೀಕರಣ

1945ರ ಮೇ 8ರಂದು ಜರ್ಮನ್ ಸೇನೆ ಬೇಷರತ್ತಾಗಿ ಶರಣಾದಾಗ ಸುಮಾರು ಐವತ್ತು ಲಕ್ಷ ಜರ್ಮನ್ ಸೈನಿಕರು ಸತ್ತಿದ್ದರು. ನಗರಗಳು ಬಾಂಬಿಗೆ ನೆಲಸಮವಾಗಿದ್ದವು. ಪೂರ್ವದ ಪ್ರಾಂತ್ಯಗಳಿಂದ ಕೋಟಿಗೂ ಮಿಕ್ಕಿ ಜನ ಮನೆಮಠ ಬಿಟ್ಟು ಬರಬೇಕಾಯಿತು. ಮೊದಮೊದಲ ಯುದ್ಧವಿರೋಧ ಹುಟ್ಟಿದ್ದು ಈ ಸ್ವಂತ ನೋವಿನಿಂದ ಎಂಬುದನ್ನು ಮರೆಯಬಾರದು. ತಮ್ಮ ಸೇನೆ ಪೋಲೆಂಡಿನಲ್ಲಿ, ಸೋವಿಯತ್ ನೆಲದಲ್ಲಿ, ಬಾಲ್ಕನ್‌ನಲ್ಲಿ ಏನು ಮಾಡಿತು ಎಂಬ ಅರಿವು ಸಾರ್ವಜನಿಕ ಮಾತಿಗೆ ಬಂದದ್ದು ಬಹಳ ನಿಧಾನವಾಗಿ. 1963ರಿಂದ 1965ರವರೆಗೆ ಫ್ರಾಂಕ್‌ಫರ್ಟಿನಲ್ಲಿ ನಡೆದ ಔಷ್‌ವಿಟ್ಜ್ ವಿಚಾರಣೆ ಅದಕ್ಕೊಂದು ಬಾಗಿಲು ತೆರೆಯಿತು. 1995ರಲ್ಲಿ ಹ್ಯಾಂಬರ್ಗಿನ ಸಾಮಾಜಿಕ ಸಂಶೋಧನಾ ಸಂಸ್ಥೆ ಏರ್ಪಡಿಸಿದ, ಹಿಟ್ಲರ್ ಕಾಲದ ಸೇನೆಯಾದ ವೇರ್‌ಮಾಖ್ಟ್ ಕುರಿತ ಪ್ರದರ್ಶನ ಊರಿಂದೂರಿಗೆ ತಿರುಗಿ, ಸಾಮಾನ್ಯ ಸೈನಿಕ ನಿರ್ದೋಷಿ ಎಂಬ ನಂಬಿಕೆಯನ್ನು ಮುರಿಯಿತು. ಕೆಲವು ಚಿತ್ರಗಳ ಶೀರ್ಷಿಕೆ ತಪ್ಪಾಗಿದ್ದರಿಂದ ಅದನ್ನು ಹಿಂತೆಗೆದು, ತಿದ್ದಿ, ಮತ್ತೆ ತೋರಿಸಬೇಕಾಯಿತು. ಆದರೂ ಅದರ ಮೂಲ ಮಾತು ನಿಂತಿತು.

1949ರ ಮೇ 23ರಂದು ಜಾರಿಗೆ ಬಂದ ಮೂಲ ಕಾನೂನಿನಲ್ಲಿ, ಅಂದರೆ ಪಶ್ಚಿಮ ಜರ್ಮನಿಯ ಸಂವಿಧಾನದಲ್ಲಿ, ಸೇನೆಯ ಪ್ರಸ್ತಾಪವೇ ಇರಲಿಲ್ಲ. ಸೇನೆ ಹುಟ್ಟುವ ಮೊದಲೇ ಅದರ 4ನೆಯ ವಿಧಿ, ಆತ್ಮಸಾಕ್ಷಿ ಒಪ್ಪದವನ ಕೈಗೆ ಬಲವಂತವಾಗಿ ಆಯುಧ ಕೊಡಬಾರದೆಂದು ಹೇಳಿತು. ಆಕ್ರಮಣ ಯುದ್ಧದ ತಯಾರಿಯನ್ನೇ 26ನೆಯ ವಿಧಿ ಸಂವಿಧಾನ ವಿರೋಧಿ ಎಂದು ಸಾರಿತು.

1950ರಲ್ಲಿ ಕೊರಿಯಾ ಯುದ್ಧ ಸಿಡಿದಾಗ ಚಾನ್ಸಲರ್ ಕೊನ್ರಾಡ್ ಅಡೆನಾವರ್ ಪಶ್ಚಿಮದ ರಕ್ಷಣೆಗೆ ಜರ್ಮನ್ ಪಡೆಗಳನ್ನು ಒದಗಿಸಲು ಮುಂದಾದರು. ಅವರಿಗೆ ಅದು ಸಾರ್ವಭೌಮತ್ವಕ್ಕೆ ಮರಳುವ ದಾರಿ. ಗೃಹ ಸಚಿವ ಗುಸ್ಟಾವ್ ಹೈನೆಮನ್ ಇದನ್ನು ಒಪ್ಪದೆ ಅದೇ ವರ್ಷ ರಾಜೀನಾಮೆ ಕೊಟ್ಟರು. ಮುಂದೆ 1969ರಲ್ಲಿ ಅವರೇ ರಾಷ್ಟ್ರಾಧ್ಯಕ್ಷರಾದರು. ಬೀದಿಯಲ್ಲಿ, ಕಾರ್ಖಾನೆಗಳಲ್ಲಿ, 'ನಾನಂತೂ ಬರುವುದಿಲ್ಲ' ಎಂಬ ಧಾಟಿಯ ಪ್ರತಿಭಟನೆ ಹಬ್ಬಿತು. ಐರೋಪ್ಯ ರಕ್ಷಣಾ ಸಮುದಾಯದ ಯೋಜನೆಯನ್ನು 1954ರಲ್ಲಿ ಫ್ರೆಂಚ್ ಸಂಸತ್ತೇ ಬೀಳಿಸಿದ ಮೇಲೆ 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ಪಶ್ಚಿಮದ ಸೇನಾ ಕೂಟವಾದ ನ್ಯಾಟೋ ಸೇರಿತು. ಆ ವರ್ಷದ ನವೆಂಬರ್ 12ರಂದು, ಪ್ರಷ್ಯದ ಸೇನಾ ಸುಧಾರಕ ಶಾರ್ನ್‌ಹೋರ್ಸ್ಟ್ ಹುಟ್ಟಿ 200 ವರ್ಷ ತುಂಬಿದ ದಿನ, ರಾಜಧಾನಿ ಬಾನ್ ನಗರದಲ್ಲಿ 101 ಮಂದಿ ಸ್ವಯಂಸೇವಕರು ನೇಮಕಪತ್ರ ಪಡೆದರು. ಬುಂಡೆಸ್‌ವೇರ್ ಎಂಬ ಸೇನೆ ಹುಟ್ಟಿದ್ದು ಹೀಗೆ. ಮರುವರ್ಷ ಕಡ್ಡಾಯ ಸೇನಾ ಸೇವೆಯ ಕಾನೂನೂ ಬಂತು.

ಹೊಸ ಸೇನೆಗೆ ಹೊಸ ನೀತಿ ರೂಪಿಸಿದವರಲ್ಲಿ ವೋಲ್ಫ್ ಗ್ರಾಫ್ ಫಾನ್ ಬೌಡಿಸ್ಸಿನ್ ಪ್ರಮುಖರು. ಸೈನಿಕನೆಂದರೆ ಸಮವಸ್ತ್ರ ತೊಟ್ಟ ಪ್ರಜೆ. ಬ್ಯಾರಕಿನ ಗೇಟಿನಲ್ಲಿ ಅವನ ಹಕ್ಕುಗಳೂ ವಿವೇಚನೆಯೂ ಕಳಚಿ ಬೀಳುವುದಿಲ್ಲ ಎಂಬುದು ಅವರ ವಾದ. ಮನುಷ್ಯನ ಘನತೆಗೆ ಕುಂದು ತರುವ, ಅಪರಾಧವೆನಿಸುವ ಆಜ್ಞೆಯನ್ನು ಸೈನಿಕ ಪಾಲಿಸಬೇಕಿಲ್ಲ ಎಂದು ಕಾನೂನೇ ಹೇಳುತ್ತದೆ. ದೂರು ಇರುವ ಯಾವ ಸಿಪಾಯಿಯೂ ಮೇಲಧಿಕಾರಿಯನ್ನು ಕೇಳದೆ ಸಂಸತ್ತು ನೇಮಿಸಿದ ಸೇನಾ ಆಯುಕ್ತರಿಗೆ ನೇರವಾಗಿ ಬರೆಯಬಹುದು. ಯುದ್ಧೋತ್ತರ ಜರ್ಮನಿ ಕಟ್ಟಿದ ಸಂಸ್ಥೆಗಳಲ್ಲಿ ಇದು ಅತ್ಯಂತ ಮೆಚ್ಚತಕ್ಕದ್ದು.

ಅಣ್ವಸ್ತ್ರದ ನೆರಳು

ಎರಡು ಜರ್ಮನಿಗಳ ನಡುವಿನ ಗಡಿ ಶೀತಲ ಸಮರದ ಮುಂಚೂಣಿ ರೇಖೆಯೂ ಆಗಿತ್ತು. ಯುದ್ಧವಾದರೆ ಎರಡೂ ಕಡೆಯ ಅಣುಬಾಂಬುಗಳು ಬೀಳುವುದು ತಮ್ಮ ಮೇಲೆಯೇ ಎಂಬುದು ಜರ್ಮನರಿಗೆ ಗೊತ್ತಿತ್ತು. 1957ರ ಏಪ್ರಿಲ್‌ನಲ್ಲಿ ಆಟೋ ಹಾನ್, ವರ್ನರ್ ಹೈಸನ್‌ಬರ್ಗ್ ಮೊದಲಾದ 18 ವಿಜ್ಞಾನಿಗಳು ಗಟಿಂಗೆನ್ ಹೇಳಿಕೆಗೆ ಸಹಿ ಹಾಕಿ, ತಮ್ಮ ಸೇನೆಗೆ ಅಣ್ವಸ್ತ್ರ ಬೇಡ, ಅದರ ತಯಾರಿಯಲ್ಲಿ ತಾವು ಪಾಲ್ಗೊಳ್ಳುವುದಿಲ್ಲ ಎಂದರು. ಸಹಿ ಹಾಕಿದವರಲ್ಲಿ ಮ್ಯಾಕ್ಸ್ ಬಾರ್ನ್ ಕೂಡ ಒಬ್ಬರು. ಹಿಟ್ಲರನ ಆಳ್ವಿಕೆಯಲ್ಲಿ ದೇಶ ಬಿಟ್ಟಿದ್ದ ಅವರು 1935-36ರಲ್ಲಿ ಸಿ.ವಿ. ರಾಮನ್ ಆಹ್ವಾನದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಇದ್ದವರು.

ಸೋಷಿಯಲ್ ಡೆಮಾಕ್ರಟಿಕ್ ಪಕ್ಷ (ಎಸ್‌ಪಿಡಿ) ಮೊದಲು ಮರುಶಸ್ತ್ರೀಕರಣವನ್ನು ವಿರೋಧಿಸಿ, 1960ರಲ್ಲಿ ಹರ್ಬರ್ಟ್ ವೇನರ್ ಸಂಸತ್ತಿನಲ್ಲಿ ಮಾಡಿದ ಭಾಷಣದೊಂದಿಗೆ ನ್ಯಾಟೋವನ್ನು ಒಪ್ಪಿಕೊಂಡಿತು. ಆದರೆ ಅದೇ ಪಕ್ಷದ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಕ್ಷಿಪಣಿಗಳ ವಿಷಯದಲ್ಲಿ ತಮ್ಮವರ ಬೆಂಬಲವನ್ನೇ ಕಳೆದುಕೊಂಡರು. ಸೋವಿಯತ್ ಎಸ್‌ಎಸ್-20 ಕ್ಷಿಪಣಿಗಳಿಗೆ ಉತ್ತರವಾಗಿ, ಮಾತುಕತೆ ಫಲಿಸದಿದ್ದರೆ ಅಮೆರಿಕದ ಪರ್ಶಿಂಗ್-2 ಮತ್ತು ಕ್ರೂಸ್ ಕ್ಷಿಪಣಿಗಳನ್ನು ನಿಲ್ಲಿಸುವುದೆಂದು 1979ರ ಡಿಸೆಂಬರ್‌ನಲ್ಲಿ ನ್ಯಾಟೋ ತೀರ್ಮಾನಿಸಿತ್ತು. ಇದರ ವಿರುದ್ಧ 1981ರ ಅಕ್ಟೋಬರ್ 10ರಂದು ಬಾನ್‌ನಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದರು. ಎರಡು ವರ್ಷದ ಬಳಿಕ ಸ್ಟುಟ್‌ಗಾರ್ಟ್‌ನಿಂದ ನೊಯ್-ಉಲ್ಮ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟಿದರು. ಪಾದ್ರಿಗಳು, ಶಿಕ್ಷಕರು, ಕಾರ್ಮಿಕರು, ನೊಬೆಲ್ ಪಡೆದ ಸಾಹಿತಿ ಹೈನ್ರಿಶ್ ಬೋಲ್ ಎಲ್ಲರೂ ಬೀದಿಗಿಳಿದರು. ಗ್ರೀನ್ಸ್ ಪಕ್ಷ 1983ರಲ್ಲಿ ಸಂಸತ್ತನ್ನು, ಅಂದರೆ ಬುಂಡೆಸ್ಟಾಗನ್ನು, ಪ್ರವೇಶಿಸಿದ್ದು ಈ ಅಲೆಯ ಮೇಲೆ. ಆದರೂ ಅದೇ ವರ್ಷದ ನವೆಂಬರ್ 22ರಂದು, ಶ್ಮಿಟ್ ನಂತರ ಚಾನ್ಸಲರ್ ಆದ ಹೆಲ್ಮುಟ್ ಕೋಲ್ ಸರ್ಕಾರದ ಬಹುಮತ ಕ್ಷಿಪಣಿಗಳಿಗೆ ಒಪ್ಪಿಗೆ ಕೊಟ್ಟಿತು. 1987ರ ಒಪ್ಪಂದ ಎರಡೂ ಕಡೆಯ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ತೆಗೆಸಿತು. ಗೆದ್ದದ್ದು ಚಳವಳಿಯೋ ಪಟ್ಟು ಹಿಡಿದ ಸರ್ಕಾರವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಪೂರ್ವ ಜರ್ಮನಿಯಲ್ಲಿ ಶಾಂತಿ ಎಂಬುದು ಸರ್ಕಾರದ ಘೋಷಣೆ, ಬದುಕು ಮಾತ್ರ ಪೂರ್ತಿ ಸೇನಾಮಯ. 1956ರಲ್ಲಿ ರಾಷ್ಟ್ರೀಯ ಜನಸೇನೆ, 1962ರಲ್ಲಿ ಕಡ್ಡಾಯ ಸೇವೆ, 1978ರಿಂದ ಶಾಲೆಗಳಲ್ಲಿ ಸೇನಾ ಶಿಕ್ಷಣ. ಆಯುಧ ಹಿಡಿಯಲೊಪ್ಪದವರಿಗೆ 1964ರಿಂದ ನಿರ್ಮಾಣ ಸೈನಿಕರಾಗುವ ಅವಕಾಶವಿತ್ತಾದರೂ ಆಮೇಲೆ ಓದಿಗೂ ಉದ್ಯೋಗಕ್ಕೂ ಅಡ್ಡಿ ಬರುತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಚರ್ಚುಗಳ ಆಶ್ರಯದಲ್ಲಿ ಬೆಳೆದ ಯುವಜನರು ಖಡ್ಗವನ್ನು ನೇಗಿಲಾಗಿ ಬಡಿಯುವ ಮನುಷ್ಯನ ಚಿತ್ರವಿದ್ದ ಬಿಲ್ಲೆಯನ್ನು ತೋಳಿಗೆ ಹೊಲಿದುಕೊಂಡರು. ಆ ಚಿತ್ರ ಸೋವಿಯತ್ ಒಕ್ಕೂಟವೇ ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟ ಪ್ರತಿಮೆಯದು. ಅದನ್ನು ತೊಟ್ಟ ಹುಡುಗರನ್ನು ಪೊಲೀಸರು ಹಿಡಿದರು, ಶಾಲೆಗಳು ಹೊರಹಾಕಿದವು. ನ್ಯಾಟೋ ಬಗ್ಗೆ, ಹೊರದೇಶದ ಕಾರ್ಯಾಚರಣೆಗಳ ಬಗ್ಗೆ ಪೂರ್ವದ ರಾಜ್ಯಗಳಲ್ಲಿ ಇಂದಿಗೂ ಕಾಣುವ ಹೆಚ್ಚಿನ ಅಪನಂಬಿಕೆಗೆ ಈ ಬೇರೆಯ ಚರಿತ್ರೆಯೂ ಒಂದು ಕಾರಣ.

ಏಕೀಕರಣದ ಬಳಿಕ

ಎರಡು ಜರ್ಮನಿಗಳು ಮತ್ತು ಮಹಾಯುದ್ಧ ಗೆದ್ದ ನಾಲ್ಕು ರಾಷ್ಟ್ರಗಳ ನಡುವಣ 1990ರ ಸೆಪ್ಟೆಂಬರ್ 12ರ 'ಎರಡು ಮತ್ತು ನಾಲ್ಕು' ಒಪ್ಪಂದದಲ್ಲಿ ಒಂದಾಗಲಿರುವ ಜರ್ಮನಿ ತನ್ನ ಸೇನೆಯನ್ನು 3,70,000ಕ್ಕೆ ಮಿತಿಗೊಳಿಸಲು ಒಪ್ಪಿತು. ಅಣು, ಜೈವಿಕ ಮತ್ತು ರಾಸಾಯನಿಕ ಅಸ್ತ್ರಗಳನ್ನು ಹೊಂದುವುದಿಲ್ಲ ಎಂಬ ಮಾತನ್ನೂ ಮತ್ತೆ ಕೊಟ್ಟಿತು. ಕೆಲವೇ ತಿಂಗಳಲ್ಲಿ ಕೊಲ್ಲಿ ಯುದ್ಧ ಬಂತು. ಜರ್ಮನಿ ಪಡೆಗಳ ಬದಲು ಸುಮಾರು 1,700 ಕೋಟಿ ಮಾರ್ಕ್ ಕೊಟ್ಟಿತು, ಮೆಚ್ಚುಗೆಯ ಬದಲು ಚೆಕ್ ಬರೆದು ಕೈತೊಳೆದುಕೊಳ್ಳುವ ದೇಶವೆಂಬ ಬೈಗುಳ ಪಡೆಯಿತು. ಆ ಅವಮಾನ ಬಾನ್‌ನ ರಾಜಕಾರಣಿಗಳನ್ನು ಬಹಳ ಕಾಲ ಕಾಡಿತು. ಆಮೇಲಿನ ಹೆಜ್ಜೆಗಳು ಚಿಕ್ಕಚಿಕ್ಕವು: ಕಾಂಬೋಡಿಯಾದಲ್ಲಿ ಸೇನಾ ಆಸ್ಪತ್ರೆ, 1993ರಲ್ಲಿ ಸೊಮಾಲಿಯಾದ ಬೆಲೆಟ್ ಹುಯೆನ್‌ಗೆ ಸುಮಾರು 1,700 ಸೈನಿಕರು. ಅಲ್ಲಿಗೆ ಬರಲಿದ್ದ ಭಾರತೀಯ ಬ್ರಿಗೇಡಿಗೆ ಸಾಮಗ್ರಿ ಒದಗಿಸುವುದು ಅವರ ಕೆಲಸ. ಭಾರತೀಯ ಪಡೆ ಆ ಊರಿಗೆ ಬರಲೇ ಇಲ್ಲ. ಜರ್ಮನ್ನರು ಬಾವಿ ತೋಡಿ, ರೋಗಿಗಳನ್ನು ನೋಡಿಕೊಂಡು ಹಿಂತಿರುಗಿದರು.

ಕಾನೂನಿನ ಗೊಂದಲವನ್ನು ಬಗೆಹರಿಸಿದ್ದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ. ಸೇನೆ ಇರುವುದು ರಕ್ಷಣೆಗೆ, ಬೇರೆ ಬಳಕೆಗೆ ಮೂಲ ಕಾನೂನಿನ ಸ್ಪಷ್ಟ ಅನುಮತಿ ಬೇಕು ಎಂದು 87ಎ ವಿಧಿ ಹೇಳುತ್ತದೆ. ನ್ಯಾಟೋ ಪ್ರದೇಶದ ಆಚೆ ಪಡೆ ಕಳುಹಿಸುವಂತಿಲ್ಲ ಎಂದೇ ಬಹುಕಾಲ ಸರ್ಕಾರಗಳು ಅದನ್ನು ಓದಿಕೊಂಡು ಬಂದಿದ್ದವು. ಬೋಸ್ನಿಯಾದ ಮೇಲೆ ಹಾರುವ ಅವಾಕ್ಸ್ ಕಣ್ಗಾವಲು ವಿಮಾನಗಳಲ್ಲಿ ಜರ್ಮನ್ ಸಿಬ್ಬಂದಿ ಇರಬಹುದೇ ಎಂಬ ಪ್ರಶ್ನೆಯನ್ನು ವಿರೋಧ ಪಕ್ಷವಾದ ಎಸ್‌ಪಿಡಿ ಮಾತ್ರವಲ್ಲ, ಸರ್ಕಾರದಲ್ಲೇ ಪಾಲುದಾರನಾಗಿದ್ದ ಎಫ್‌ಡಿಪಿ ಕೂಡ ನ್ಯಾಯಾಲಯಕ್ಕೆ ಒಯ್ದಿತು. 1994ರ ಜುಲೈ 12ರ ತೀರ್ಪು ಎರಡು ಮಾತು ಹೇಳಿತು. ವಿಶ್ವಸಂಸ್ಥೆ, ನ್ಯಾಟೋಗಳಂಥ ಸಾಮೂಹಿಕ ಭದ್ರತಾ ವ್ಯವಸ್ಥೆಯ ಒಳಗೆ ಹೊರದೇಶದ ಕಾರ್ಯಾಚರಣೆ ಸಂವಿಧಾನಬದ್ಧ. ಆದರೆ ಪ್ರತಿಯೊಂದಕ್ಕೂ ಬುಂಡೆಸ್ಟಾಗ್‌ನ ಒಪ್ಪಿಗೆ ಬೇಕು, ಅದೂ ಸಾಮಾನ್ಯವಾಗಿ ಮುಂಚಿತವಾಗಿ. ಅಂದಿನಿಂದ ಎಷ್ಟು ಸೈನಿಕರು, ಎಲ್ಲಿ, ಎಷ್ಟು ಕಾಲ, ಎಷ್ಟು ಖರ್ಚಿನಲ್ಲಿ ಎಂಬ ವಿವರದೊಂದಿಗೆ ಸರ್ಕಾರ ಸದನದ ಮುಂದೆ ಬರುತ್ತದೆ. ಬಹುತೇಕ ಅನುಮತಿಗಳಿಗೆ ಒಂದೇ ವರ್ಷದ ಆಯುಸ್ಸು. 2005ರಿಂದ ಇದಕ್ಕೆ ಪ್ರತ್ಯೇಕ ಕಾನೂನೇ ಇದೆ. ಬುಂಡೆಸ್‌ವೇರನ್ನು ಸಂಸತ್ತಿನ ಸೇನೆ ಎನ್ನುವುದು ಇದರಿಂದ.

ಅದೇ ನ್ಯಾಯಾಲಯ 2006ರ ಫೆಬ್ರುವರಿ 15ರಂದು ಕೊಟ್ಟ ಇನ್ನೊಂದು ತೀರ್ಪನ್ನೂ ಇಲ್ಲಿ ನೆನೆಯಬೇಕು. ಅಪಹರಣಕಾರರು ವಿಮಾನವನ್ನೇ ಬಾಂಬಾಗಿ ಬಳಸಲು ಹೊರಟರೆ ಅದನ್ನು ಸೇನೆ ಹೊಡೆದುರುಳಿಸಬಹುದೆಂಬ ಕಾನೂನನ್ನು ಅದು ರದ್ದು ಮಾಡಿತು. ಒಳಗಿರುವ ನಿರಪರಾಧಿ ಪ್ರಯಾಣಿಕರನ್ನು ಇತರರ ರಕ್ಷಣೆಯ ಸಾಧನವಾಗಿಸುವುದು ಮನುಷ್ಯ ಘನತೆಗೆ ವಿರುದ್ಧ. ಜೀವಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಹಕ್ಕು ಪ್ರಭುತ್ವಕ್ಕಿಲ್ಲ ಎಂಬುದು ಅದರ ನಿಲುವು. ಬಲಪ್ರಯೋಗದ ಬಗೆಗಿನ ಜರ್ಮನ್ ಚಿಂತನೆಯ ಬೇರು ಎಷ್ಟು ಆಳದಲ್ಲಿದೆ ಎಂಬುದು ಈ ತೀರ್ಪಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಕೊಸೊವೊ, 1999

ಜರ್ಮನ್ ಸೈನ್ಯ ಒಮ್ಮೆ ದಾಳಿಕೋರನಾಗಿ ತುಳಿದ ನೆಲಕ್ಕೆ, ಮುಖ್ಯವಾಗಿ ಬಾಲ್ಕನ್‌ಗೆ, ಮತ್ತೆ ಹೋಗಬಾರದು ಎಂಬುದು ಕೋಲ್ ಕಾಲದ ಅಲಿಖಿತ ನಿಯಮ. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರದಷ್ಟು ಬೋಸ್ನಿಯಾಕ್ ಗಂಡಸರು ಮತ್ತು ಹುಡುಗರ ಕಗ್ಗೊಲೆಯಾದಾಗ ಆ ನಿಯಮದ ನೈತಿಕ ನೆಲೆಯೇ ಅಲುಗಿತು. ಗ್ರೀನ್ಸ್ ನಾಯಕ ಯೋಶ್ಕಾ ಫಿಷರ್ ಆ ತಿಂಗಳ ಕೊನೆಯಲ್ಲಿ ತಮ್ಮ ಪಕ್ಷಕ್ಕೆ ಬಹಿರಂಗ ಪತ್ರ ಬರೆದು, ಜನಾಂಗಹತ್ಯೆ ನಡೆಯುತ್ತಿರುವಾಗ ಅಹಿಂಸೆಯ ತತ್ತ್ವ ಹಿಡಿದು ಸುಮ್ಮನಿರಲಾದೀತೇ ಎಂದು ಕೇಳಿದರು.

1998ರಲ್ಲಿ ಎಸ್‌ಪಿಡಿ ಮತ್ತು ಗ್ರೀನ್ಸ್ ಕೂಡಿ ಸರ್ಕಾರ ರಚಿಸಿದವು. ಗೆರ್ಹಾರ್ಡ್ ಶ್ರೋಡರ್ ಚಾನ್ಸಲರ್, ಫಿಷರ್ ವಿದೇಶಾಂಗ ಸಚಿವ. ಕ್ಷಿಪಣಿ ವಿರೋಧಿ ಮೆರವಣಿಗೆಗಳಿಂದ ಬಂದ ಪೀಳಿಗೆಯೇ ಕೊಸೊವೊದಲ್ಲಿನ ಹಿಂಸೆಯನ್ನು ತಡೆಯಲೆಂದು 1999ರ ಮಾರ್ಚ್ 24ರಂದು ಯುಗೊಸ್ಲಾವಿಯಾದ ಮೇಲೆ ಜರ್ಮನ್ ಟೊರ್ನಾಡೊ ವಿಮಾನಗಳನ್ನು ಕಳುಹಿಸಿತು. 1945ರ ಬಳಿಕ ಜರ್ಮನ್ ಪಡೆಗಳು ಯುದ್ಧದಲ್ಲಿ ಭಾಗವಹಿಸಿದ್ದು ಅದೇ ಮೊದಲು, ಅದೂ ಭದ್ರತಾ ಮಂಡಳಿಯ ಅನುಮತಿ ಇಲ್ಲದೆ. ಮೇ 13ರಂದು ಬೀಲೆಫೆಲ್ಡ್‌ನಲ್ಲಿ ಕೂಡಿದ ಗ್ರೀನ್ಸ್ ಸಮಾವೇಶದಲ್ಲಿ ಯಾರೋ ಎಸೆದ ಕೆಂಪು ಬಣ್ಣದ ಚೀಲ ಫಿಷರ್ ಕಿವಿಗೆ ಬಡಿದು ತಮಟೆ ಹರಿಯಿತು. ಬಣ್ಣ ಮೆತ್ತಿದ ಕೋಟಿನಲ್ಲೇ ಮಾತಾಡಿದ ಅವರು, ತಾವು ಕಲಿತ ಪಾಠ ಯುದ್ಧ ಬೇಡ ಎಂಬುದೊಂದೇ ಅಲ್ಲ, ಔಷ್‌ವಿಟ್ಜ್ ಬೇಡ ಎಂಬುದೂ ಹೌದು ಎಂದು ವಾದಿಸಿ ಸಮಾವೇಶದ ಬಹುಮತ ಪಡೆದರು.

ಈ ವಾದ ಪ್ರಾಮಾಣಿಕವಾಗಿತ್ತು, ಅಪಾಯಕಾರಿಯೂ ಆಗಿತ್ತು. ಕೊಸೊವೊದ ಕ್ರೌರ್ಯವನ್ನು ಔಷ್‌ವಿಟ್ಜ್ ಪಕ್ಕದಲ್ಲಿಟ್ಟು ಮಾತಾಡುವುದನ್ನು ಹತ್ಯಾಕಾಂಡದಿಂದ ಬದುಕುಳಿದವರಲ್ಲಿ ಕೆಲವರು ಬಹಿರಂಗವಾಗಿ ಖಂಡಿಸಿದರು. ಅವರ ಆಕ್ಷೇಪಕ್ಕೆ ಸಿಗಬೇಕಾದಷ್ಟು ಗಮನ ಅಂದು ಸಿಗಲಿಲ್ಲವೆಂದೇ ಹೇಳಬೇಕು. ಚರಿತ್ರೆಯ ಅತಿ ದೊಡ್ಡ ಪಾತಕವೇ ಬಾಂಬು ಹಾಕುವುದಕ್ಕೆ ಕಾರಣವಾಗಿ ಬಂದು ನಿಂತರೆ, ಎದುರು ವಾದಿಸುವವರಿಗೆ ಜಾಗವೇ ಉಳಿಯುವುದಿಲ್ಲ.

ಅಫ್ಘಾನಿಸ್ತಾನ ಮತ್ತು ಇರಾಕ್

2001ರ ಸೆಪ್ಟೆಂಬರ್ ದಾಳಿಯ ನಂತರ ಶ್ರೋಡರ್ ಅಮೆರಿಕಕ್ಕೆ ಮಿತಿಯಿಲ್ಲದ ಬೆಂಬಲ ಸಾರಿದರು. ನವೆಂಬರ್ 16ರಂದು ಸೇನೆ ಕಳುಹಿಸುವ ಪ್ರಶ್ನೆಯನ್ನು ವಿಶ್ವಾಸಮತದೊಂದಿಗೆ ಕಟ್ಟಿ, ಬೇಕಾದ 334ರ ಎದುರು 336 ಮತ ಗಳಿಸಿ ಪಾರಾದರು. ಮರುವರ್ಷ ಇರಾಕ್ ಯುದ್ಧಕ್ಕೆ ಅವರು ಖಡಾಖಂಡಿತ ಇಲ್ಲವೆಂದರು. 2002ರ ಚುನಾವಣೆ ಗೆಲ್ಲಲು ಅದು ನೆರವಾಯಿತು. ಯುದ್ಧಕ್ಕೆ ಕೊಟ್ಟ ಕಾರಣಗಳು ಸುಳ್ಳಾದದ್ದು ನೋಡಿದರೆ ಆ ನಿರಾಕರಣೆ ಸರಿಯಾಗಿಯೇ ಇತ್ತು.

ಜರ್ಮನಿಯ ಭದ್ರತೆಯನ್ನು ಹಿಂದೂಕುಶ್‌ನಲ್ಲೂ ಕಾಯಬೇಕಾಗಿದೆ ಎಂದು ರಕ್ಷಣಾ ಸಚಿವ ಪೀಟರ್ ಸ್ಟ್ರುಕ್ 2002ರಲ್ಲಿ ಹೇಳಿದ ಮಾತು ಮನೆಮಾತಾಯಿತು. ಜನರ ಮುಂದೆ ಮಾತ್ರ ಅಫ್ಘಾನಿಸ್ತಾನದ ಈ ಕಾರ್ಯಾಚರಣೆ ಶಾಲೆ ಕಟ್ಟುವ, ಬಾವಿ ತೋಡುವ ಕೆಲಸವೆಂದೇ ಬಿಂಬಿತವಾಯಿತು. ಸೈನಿಕರು ಕುಂದುಜ್ ಸುತ್ತಮುತ್ತ ಹೊಂಚುದಾಳಿಗೆ ಸಾಯುತ್ತಿದ್ದರೂ ಸರ್ಕಾರ ಅದನ್ನು ಯುದ್ಧ ಎನ್ನಲಿಲ್ಲ. 2009ರ ಸೆಪ್ಟೆಂಬರ್ 4ರ ನಸುಕಿನಲ್ಲಿ, ತಾಲಿಬಾನಿಗಳು ಅಪಹರಿಸಿದ ಎರಡು ಇಂಧನ ಟ್ಯಾಂಕರುಗಳ ಮೇಲೆ ಜರ್ಮನ್ ಕರ್ನಲ್ ಒಬ್ಬರ ಆದೇಶದಂತೆ ಅಮೆರಿಕದ ವಿಮಾನಗಳು ಬಾಂಬು ಹಾಕಿದವು. ಇಂಧನ ತುಂಬಿಕೊಳ್ಳಲು ಸೇರಿದ್ದ ಹಳ್ಳಿಗರೂ ಸೇರಿ ಹತ್ತಾರು ಜನ ಸುಟ್ಟು ಸತ್ತರು, ಮಕ್ಕಳೂ ಇದ್ದರು. ಸಾಮಾನ್ಯರು ಸತ್ತ ಮಾಹಿತಿ ಮುಚ್ಚಿಟ್ಟದ್ದು ಹೊರಬಿದ್ದಾಗ, ದಾಳಿಯ ವೇಳೆ ರಕ್ಷಣಾ ಸಚಿವರಾಗಿದ್ದ ಫ್ರಾಂಜ್ ಯೋಸೆಫ್ ಯುಂಗ್ ಹೊಸ ಸಂಪುಟದ ಹುದ್ದೆಯನ್ನೂ ಸೇನಾ ಮುಖ್ಯಸ್ಥರು ತಮ್ಮ ಸ್ಥಾನವನ್ನೂ ಕಳೆದುಕೊಂಡರು. 2010ರ ಗುಡ್ ಫ್ರೈಡೆಯಂದು ಮೂವರು ಸೈನಿಕರು ಕಾದಾಟದಲ್ಲಿ ಮಡಿದ ಮೇಲೆಯೇ ಸಚಿವರ ಬಾಯಲ್ಲಿ ಯುದ್ಧ ಎಂಬ ಮಾತು ಸಲೀಸಾಗಿ ಬಂದದ್ದು.

ಆ ವರ್ಷದ ಮೊದಲ ದಿನದ ಧರ್ಮಬೋಧೆಯಲ್ಲಿ ಪ್ರೊಟೆಸ್ಟಂಟ್ ಬಿಷಪ್ ಮಾರ್ಗೊಟ್ ಕೇಸ್ಮನ್ ಅಫ್ಘಾನಿಸ್ತಾನದಲ್ಲಿ ಯಾವುದೂ ಸರಿಯಿಲ್ಲ ಎಂದದ್ದು ದೊಡ್ಡ ಗದ್ದಲವಾಯಿತು. ಮೇ ತಿಂಗಳಲ್ಲಿ, ರಫ್ತನ್ನು ನಂಬಿದ ದೇಶ ವ್ಯಾಪಾರ ಮಾರ್ಗಗಳನ್ನು ಕಾಯಲು ಸೇನೆಯನ್ನೂ ಬಳಸಬೇಕಾದೀತು ಎಂದ ರಾಷ್ಟ್ರಾಧ್ಯಕ್ಷ ಹಾರ್ಸ್ಟ್ ಕೋಲರ್, ಎದ್ದ ಟೀಕೆಯಿಂದ ನೊಂದು ರಾಜೀನಾಮೆಯನ್ನೇ ಕೊಟ್ಟರು. ಜರ್ಮನ್ ನೌಕೆಗಳು ಆಗಲೇ ಸೊಮಾಲಿಯಾ ಕಡಲಿನಲ್ಲಿ ಕಡಲ್ಗಳ್ಳರ ವಿರುದ್ಧ ಹಡಗುಗಳನ್ನು ಕಾಯುತ್ತಿದ್ದವು. ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಲಾರದ ಈ ಸ್ಥಿತಿ ಆ ದಶಕದ ದೊಡ್ಡ ದೌರ್ಬಲ್ಯ. ಹೊರದೇಶದಲ್ಲಿ ಸತ್ತವರ ಮನೆಯವರಿಗೆ ಅವರು ಯಾತಕ್ಕಾಗಿ ಸತ್ತರೆಂದು ನೇರವಾಗಿ ಹೇಳುವ ಕರ್ತವ್ಯದಿಂದ ರಾಜಕಾರಣ ನುಣುಚಿಕೊಂಡಿತು. 2021ರಲ್ಲಿ ಕಾರ್ಯಾಚರಣೆ ಮುಗಿದಾಗ ಅಲ್ಲಿ ಪ್ರಾಣ ಬಿಟ್ಟ ಜರ್ಮನ್ ಸೈನಿಕರು 59.

2011ರಲ್ಲಿ ಎರಡು ಘಟನೆ. ಮಾರ್ಚ್ 17ರಂದು ಲಿಬಿಯಾ ಕುರಿತ ಭದ್ರತಾ ಮಂಡಳಿಯ 1973ನೆಯ ನಿರ್ಣಯದ ವೇಳೆ ಜರ್ಮನಿ ಮತ ಹಾಕದೆ ಉಳಿಯಿತು. ಪಕ್ಕದಲ್ಲಿದ್ದವರು ರಷ್ಯಾ, ಚೀನಾ, ಭಾರತ ಮತ್ತು ಬ್ರೆಜಿಲ್. ಎದುರು ಸಾಲಿನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್. ಯುದ್ಧ ಬೇಡವೆಂಬ ಪಾಠ ಇಲ್ಲಿ ಒಂಟಿತನ ಬೇಡವೆಂಬ ಪಾಠವನ್ನು ಮೀರಿತು. ಜುಲೈ 1ರಿಂದ ಕಡ್ಡಾಯ ಸೇನಾ ಸೇವೆ ಅಮಾನತಾಯಿತು. ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಯುವಕರ ನಾಗರಿಕ ಸೇವೆಯೂ ನಿಂತಿತು. 2014ರ ಮ್ಯೂನಿಕ್ ಭದ್ರತಾ ಸಮ್ಮೇಳನದಲ್ಲಿ ರಾಷ್ಟ್ರಾಧ್ಯಕ್ಷ ಯೋಆಖಿಮ್ ಗೌಕ್ ಹೆಚ್ಚಿನ ಹೊಣೆ ಹೊರಬೇಕೆಂದು ಕರೆಕೊಟ್ಟರೂ ರಕ್ಷಣಾ ವೆಚ್ಚ ಬಹುಕಾಲ ಒಟ್ಟು ಉತ್ಪನ್ನದ ಶೇ. 1.5ಕ್ಕಿಂತ ಕೆಳಗೇ ಉಳಿಯಿತು. ಅಮೆರಿಕದ ಕೊಡೆಯಡಿಯಲ್ಲಿ ನಿಂತು ಬಲದ ಬಗ್ಗೆ ಸಂಕೋಚಪಡುವುದು ಸುಲಭ ಎಂಬ ನೆರೆಯವರ ದೂರಿನಲ್ಲಿ ಹುರುಳಿತ್ತು.

ಉಕ್ರೇನ್ ಮತ್ತು ನಂತರ

ರಷ್ಯಾದ ಆಕ್ರಮಣಕ್ಕೆ ಒಂದು ತಿಂಗಳು ಮುಂಚೆ ಜರ್ಮನಿ ಉಕ್ರೇನಿಗೆ ಕೊಡಲೊಪ್ಪಿದ್ದು 5,000 ಹೆಲ್ಮೆಟ್. ಆಕ್ರಮಣ ಆರಂಭವಾದ ಮೂರು ದಿನಗಳ ಬಳಿಕ, 2022ರ ಫೆಬ್ರುವರಿ 27ರಂದು, ಚಾನ್ಸಲರ್ ಓಲಾಫ್ ಶೋಲ್ಜ್ ಕಾಲವೇ ಮಗ್ಗುಲು ಬದಲಿಸಿದೆ ಎಂದು ಬುಂಡೆಸ್ಟಾಗ್‌ನಲ್ಲಿ ಸಾರಿ ಸೇನೆಗೆ 10,000 ಕೋಟಿ ಯೂರೋಗಳ ವಿಶೇಷ ನಿಧಿ ಘೋಷಿಸಿದರು. ಅದಕ್ಕಾಗಿ ಸಂವಿಧಾನದ ತಿದ್ದುಪಡಿಯೂ ಆಯಿತು. ಆದರೆ ಪ್ರತಿ ಆಯುಧದ ಮುಂದೆಯೂ ಹಳೆಯ ಹಿಂಜರಿಕೆ ಎದ್ದು ನಿಂತಿತು. ಲೆಪರ್ಡ್-2 ಟ್ಯಾಂಕುಗಳಿಗೆ ಒಪ್ಪಿಗೆ ಸಿಕ್ಕಿದ್ದು 2023ರ ಜನವರಿ 25ರಂದು, ಅಮೆರಿಕ ತನ್ನ ಟ್ಯಾಂಕುಗಳನ್ನು ಕೊಡಲು ಒಪ್ಪಿದ ಜೊತೆಜೊತೆಗೆ. ದೂರ ವ್ಯಾಪ್ತಿಯ ಟಾರಸ್ ಕ್ಷಿಪಣಿಗಳನ್ನು ಶೋಲ್ಜ್ ಕೊನೆಯವರೆಗೂ ಕೊಡಲಿಲ್ಲ.

ಈ ಚರ್ಚೆಯಲ್ಲಿ ಹಳೆಯ ಗುರುತುಗಳು ಅದಲುಬದಲಾದವು. ಶಾಂತಿ ಚಳವಳಿಯ ಕೂಸಾದ ಗ್ರೀನ್ಸ್ ಪಕ್ಷದವರೇ ಭಾರಿ ಆಯುಧಗಳಿಗಾಗಿ ಗಟ್ಟಿಯಾಗಿ ಒತ್ತಾಯಿಸಿದರು. ಸ್ತ್ರೀವಾದಿ ಆಲಿಸ್ ಶ್ವಾರ್ಜರ್ ಮತ್ತು ಎಡಪಕ್ಷದ ಜಾರಾ ವಾಗನ್‌ಕ್ನೆಖ್ಟ್ 2023ರ ಫೆಬ್ರುವರಿಯಲ್ಲಿ ಆಯುಧ ನಿಲ್ಲಿಸಿ ಮಾತುಕತೆ ನಡೆಸಿ ಎಂಬ ಪ್ರಣಾಳಿಕೆ ಹೊರಡಿಸಿದರು; ಬಲಪಂಥೀಯ ಪಕ್ಷವಾದ ಎಎಫ್‌ಡಿಯೂ ತನ್ನದೇ ಕಾರಣಕ್ಕೆ ಆಯುಧ ಪೂರೈಕೆಯನ್ನು ವಿರೋಧಿಸಿತು. ಚಿಂತಕ ಯೂರ್ಗೆನ್ ಹಾಬರ್‌ಮಾಸ್, ಸೋಲದಂತೆ ಉಕ್ರೇನನ್ನು ಬೆಂಬಲಿಸುತ್ತಲೇ ಅಣುಯುದ್ಧದ ಅಪಾಯವನ್ನು ಕಡೆಗಣಿಸಬಾರದೆಂದು ವಾದಿಸಿ ಎರಡೂ ಕಡೆಯಿಂದ ಟೀಕೆ ಕೇಳಿದರು.

ಇದರ ಜೊತೆಗೆ ಇಸ್ರೇಲಿನ ಪ್ರಶ್ನೆಯೂ ಸೇರಿತು. ಇಸ್ರೇಲಿನ ಭದ್ರತೆ ಜರ್ಮನ್ ರಾಷ್ಟ್ರದ ಅಸ್ತಿತ್ವದ ಧ್ಯೇಯಕ್ಕೇ ಸೇರಿದ್ದು ಎಂದು ಅಂದಿನ ಚಾನ್ಸಲರ್ ಆಂಗೆಲಾ ಮೆರ್ಕೆಲ್ 2008ರಲ್ಲಿ ಇಸ್ರೇಲಿ ಸಂಸತ್ತಿನಲ್ಲೇ ಹೇಳಿದ್ದರು. ಇಸ್ರೇಲಿನ ಗಾಜಾ ಯುದ್ಧದಲ್ಲಿ ಸಾವುನೋವು ಏರುತ್ತ ಹೋದಂತೆ, ಅಲ್ಲಿ ಬಳಸಬಹುದಾದ ಆಯುಧಗಳ ರಫ್ತಿಗೆ ಚಾನ್ಸಲರ್ ಫ್ರೀಡ್ರಿಖ್ ಮೆರ್ಜ್ 2025ರ ಆಗಸ್ಟ್‌ನಲ್ಲಿ ಕೆಲ ತಿಂಗಳು ತಡೆ ಹಾಕಿದರು. ಔಷ್‌ವಿಟ್ಜ್ ಪಾಠ ಒಂದು ರಾಷ್ಟ್ರಕ್ಕೆ ಕೊಟ್ಟ ಮಾತೋ, ಎಲ್ಲ ಮನುಷ್ಯರಿಗೆ ಕೊಟ್ಟ ಮಾತೋ ಎಂದು ಅವರ ಪಕ್ಷದೊಳಗೇ ಜಗಳವಾಯಿತು.

2025ರ ಮಾರ್ಚ್‌ನಲ್ಲಿ ಸಂವಿಧಾನವನ್ನು ಮತ್ತೆ ತಿದ್ದಿ, ಉತ್ಪನ್ನದ ಶೇ. 1ನ್ನು ಮೀರಿದ ರಕ್ಷಣಾ ವೆಚ್ಚವನ್ನು ಸಾಲದ ಮಿತಿಯಿಂದ ಹೊರಗಿಡಲಾಯಿತು. ಲಿಥುವೇನಿಯಾದಲ್ಲಿ ಸುಮಾರು 5,000 ಮಂದಿಯ ಜರ್ಮನ್ ಬ್ರಿಗೇಡ್ ಶಾಶ್ವತವಾಗಿ ನೆಲೆಗೊಳ್ಳುತ್ತಿದೆ. ಅಲ್ಲಿನ ಸರ್ಕಾರವೇ ಅದನ್ನು ಕೇಳಿ ಪಡೆಯಿತು. ದೇಶ ಯುದ್ಧಕ್ಕೆ ತಕ್ಕದ್ದಾಗಬೇಕು ಎಂದು ರಕ್ಷಣಾ ಸಚಿವ ಬೋರಿಸ್ ಪಿಸ್ಟೋರಿಯಸ್ 2023ರಿಂದ ಹೇಳುತ್ತ ಬಂದಿರುವ ಮಾತಿಗೆ ಅವರದೇ ಪಕ್ಷ ಎಸ್‌ಪಿಡಿಯಲ್ಲಿ ಹಲವರು ಮುಖ ಸಿಂಡರಿಸಿದರು. 2025ರ ಡಿಸೆಂಬರ್ 5ರಂದು ಬುಂಡೆಸ್ಟಾಗ್ ಹೊಸ ಸೇನಾ ಸೇವಾ ಕಾನೂನಿಗೆ ಒಪ್ಪಿಗೆ ಕೊಟ್ಟಿತು. 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಹುಡುಗರು 18 ತುಂಬಿದಾಗ ಪ್ರಶ್ನಾವಳಿ ತುಂಬಿ ಕೊಡಲೇಬೇಕು, ಹುಡುಗಿಯರು ಇಷ್ಟವಿದ್ದರೆ ಕೊಡಬಹುದು. ಸೇವೆ ಸದ್ಯಕ್ಕೆ ಸ್ವಯಂಪ್ರೇರಿತ. ಸಾಕಷ್ಟು ಜನ ಬರದಿದ್ದರೆ ಕಡ್ಡಾಯ ಮಾಡಲು ಸದನದಲ್ಲಿ ಮತ್ತೊಮ್ಮೆ ಮತ ಹಾಕಬೇಕು. ಮತದಾನದ ದಿನ ಹಲವು ನಗರಗಳಲ್ಲಿ ಶಾಲಾ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದು ಪ್ರತಿಭಟಿಸಿದರು. ಆತ್ಮಸಾಕ್ಷಿಯ ಕಾರಣಕ್ಕೆ ಆಯುಧ ಒಲ್ಲೆನೆನ್ನುವ 4ನೆಯ ವಿಧಿಯ ಹಕ್ಕನ್ನು ಹೊಸ ಕಾನೂನು ಮುಟ್ಟಿಲ್ಲ.